ಸರ್ಕಾರವೇ ಬೇಡವೇ, ಚಿಕ್ಕ ಸರ್ಕಾರ ಸಾಕೇ?

ಇದು ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಹುಟ್ಟಿದ ಜಗಳ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ ಟ್ಯಾಂಕರ್‌ಗಳಿಗೆ ದರ ಕಟ್ಟಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಆದೇಶ ಹೊರಬಿದ್ದ ಮರುದಿನ, ಬೆಳಿಗ್ಗೆ ಆರಕ್ಕೆ ತಪ್ಪದೆ ಬರುತ್ತಿದ್ದ ನಮ್ಮ ಟ್ಯಾಂಕರ್ ಬರಲಿಲ್ಲ. ಚಾಲಕ ಫೋನ್ ಎತ್ತಲಿಲ್ಲ. ಮೂರನೆಯ ದಿನ ಬಂದವನು ರಸೀದಿ ಇಲ್ಲದೆ ಹಳೆಯ ದರವನ್ನೇ ಕೇಳಿದ, ತೆಪ್ಪಗೆ ಕೊಟ್ಟೆವು. ಆ ಭಾನುವಾರದ ಸಭೆಯಲ್ಲಿ ಮೂರನೇ ಮಹಡಿಯ ಎಂಜಿನಿಯರ್ ಹುಡುಗ, "ಸರ್ಕಾರ ಕೈ ಹಾಕದೆ ಇದ್ದಿದ್ದರೆ ನೀರು ನಿಲ್ಲುತ್ತಲೇ ಇರಲಿಲ್ಲ" ಎಂದ. ನಿವೃತ್ತ ಮೇಷ್ಟ್ರೊಬ್ಬರು, "ಹತ್ತು ವರ್ಷ ಮೊದಲೇ ಕೈ ಹಾಕಿದ್ದರೆ ಬಾವಿಯೇ ಬತ್ತುತ್ತಿರಲಿಲ್ಲ, ಕೂತುಕೊಳ್ಳಪ್ಪ" ಎಂದರು.

ಹುಡುಗ ಕೂರಲಿಲ್ಲ. ಅಂದಿನಿಂದ ಓದಿ ಓದಿ ಈಗ ಇನ್ನೂ ಮುಂದೆ ಹೋಗಿದ್ದಾನೆ. ಸರ್ಕಾರ ಚಿಕ್ಕದಾದರೆ ಸಾಲದು, ಇರಲೇಬಾರದು ಅನ್ನುತ್ತಾನೆ. ಮರುದಿನ ಲಿಫ್ಟಿನಲ್ಲಿ ಸಿಕ್ಕಾಗ, "ಕೋರ್ಟ್ ಮಾತ್ರ ಇರಬೇಕೇನೋ ಸಾರ್" ಎಂದು ತಾನೇ ಅನುಮಾನಪಡುತ್ತಾನೆ. ಅವನ ಹಾಗೆ ಎರಡು ಮನಸ್ಸಿನಲ್ಲಿರುವವರು ಹಲವರು ನನಗೆ ಬರೆಯುತ್ತಾರೆ. ಅವರಿಗಾಗಿ ಈ ಹೋಲಿಕೆ. ನನ್ನ ಒಲವು ಎತ್ತ ಎಂಬುದನ್ನು ಬಚ್ಚಿಡುವುದಿಲ್ಲ, ಆದರೆ ತಕ್ಕಡಿ ನಿಮ್ಮ ಕೈಯಲ್ಲೇ ಇರಲಿ.

ತೂಗಬೇಕಾದ ಎರಡು

ಮೊದಲನೆಯದು ಸರ್ಕಾರವೇ ಇಲ್ಲದ ಮುಕ್ತ ಮಾರುಕಟ್ಟೆಯ ಸಮಾಜ. ಇಲ್ಲಿ ಕಾನೂನೇ ಇರುವುದಿಲ್ಲ ಎಂದು ತಿಳಿಯಬೇಡಿ. ಕಾವಲು, ನ್ಯಾಯತೀರ್ಮಾನ, ರಸ್ತೆ, ನಾಣ್ಯ ಎಲ್ಲವನ್ನೂ ಮನೆಗೆ ಹಾಲು, ಪೇಪರ್ ಹಾಕಿಸಿಕೊಂಡ ಹಾಗೆ ದುಡ್ಡು ಕೊಟ್ಟು ಪಡೆಯುವುದು. ಸರಿಬರದಿದ್ದರೆ ಮುಂದಿನ ತಿಂಗಳಿಂದ ಬೇರೆಯವರನ್ನು ಹಿಡಿಯುವುದು. ಬೆಲ್ಜಿಯಂನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಗುಸ್ತಾವ್ ದ ಮೊಲಿನಾರಿ 1849ರಲ್ಲೇ ಈ ಪ್ರಶ್ನೆ ಎತ್ತಿದ್ದ: ಬೇರೆಲ್ಲ ಸರಕಿನಲ್ಲೂ ಪೈಪೋಟಿ ಒಳ್ಳೆಯದಾದರೆ ಭದ್ರತೆಯಲ್ಲಿ ಮಾತ್ರ ಏಕಸ್ವಾಮ್ಯ ಏಕೆ? ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮರ್ರೆ ರಾತ್‌ಬಾರ್ಡ್ ಈ ವಾದವನ್ನು ಹಕ್ಕಿನ ಹೆಸರಿನಲ್ಲಿ ಬೆಳೆಸಿದ. ಡೇವಿಡ್ ಫ್ರೀಡ್‌ಮನ್ ಲಾಭ ನಷ್ಟದ ಲೆಕ್ಕದಲ್ಲಿ ಬೆಳೆಸಿದ.

ಎರಡನೆಯದು ಸೀಮಿತ ಸರ್ಕಾರ. ಆಡಮ್ ಸ್ಮಿತ್ 1776ರಲ್ಲಿ ದೊರೆಗೆ ಮೂರೇ ಕೆಲಸ ಹೇಳಿದ್ದ. ಹೊರಗಿನ ದಾಳಿಯಿಂದ ದೇಶ ಕಾಯುವುದು, ಒಳಗೆ ನ್ಯಾಯ ಕೊಡುವುದು, ಒಬ್ಬಿಬ್ಬರು ಮಾಡಿದರೆ ಗಿಟ್ಟದಂಥ ಕೆಲವು ಸಾರ್ವಜನಿಕ ಕೆಲಸ ಮಾಡುವುದು. 1974ರಲ್ಲಿ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ ಆ ಮೂರನೆಯದನ್ನೂ ಕಿತ್ತುಹಾಕಿ, ರಾತ್ರಿ ಗಸ್ತಿನವನಂಥ ಸರ್ಕಾರವೊಂದೇ ನ್ಯಾಯಸಮ್ಮತ ಎಂದ. ನಮ್ಮಲ್ಲಿ ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ದು ಲೈಸೆನ್ಸ್ ಪರ್ಮಿಟ್ ರಾಜ್ಯದ ವಿರುದ್ಧ. ಅವರನ್ನು ಈ ಎರಡನೆಯ ಸಾಲಿನಲ್ಲೇ ಕೂರಿಸಬೇಕು, ಅದೂ ಕೊನೆಯ ಬೆಂಚಿನಲ್ಲಿ. ಅವರು ಸರ್ಕಾರವೇ ಬೇಡ ಅಂದವರಲ್ಲ.

ತೂಗುವಾಗ ಒಂದು ಮೋಸಕ್ಕೆ ಬೀಳಬೇಡಿ. ದೂರದ ಬೆಟ್ಟ ನುಣ್ಣಗೆ. ಪುಸ್ತಕದಲ್ಲಿರುವ ಸರ್ಕಾರವಿಲ್ಲದ ಸಮಾಜವನ್ನು ತಾಲ್ಲೂಕು ಕಚೇರಿಯ ಮುಂದಿನ ಸಾಲಿನ ಜೊತೆ ಹೋಲಿಸಿದರೆ ಪುಸ್ತಕವೇ ಗೆಲ್ಲುತ್ತದೆ. ಸಂವಿಧಾನದ ಪೀಠಿಕೆಯನ್ನು ಸೊಮಾಲಿಯಾದ ರಾಜಧಾನಿ ಮೊಗಾದಿಶುವಿನ ಬೀದಿಯ ಜೊತೆ ಹೋಲಿಸಿದರೆ ಪೀಠಿಕೆ ಗೆಲ್ಲುತ್ತದೆ. ಕನಸಿನ ಪಕ್ಕ ಕನಸನ್ನು, ನಡೆದದ್ದರ ಪಕ್ಕ ನಡೆದದ್ದನ್ನು ಇಡಬೇಕು. ಈ ಬರಹದಲ್ಲಿ ನಾನು ನಡೆದದ್ದನ್ನಷ್ಟೇ ಇಡುತ್ತೇನೆ.

ಒರೆಗಲ್ಲು

ನನ್ನ ಒರೆಗಲ್ಲು ಐದು. ಒಂದು, ಜಗಳವಾದಾಗ ಎದುರಾಳಿಯ ಕಡೆಯವನಲ್ಲದ ನ್ಯಾಯಾಧೀಶ ಎಷ್ಟು ಸುಲಭವಾಗಿ, ಎಷ್ಟು ಅಗ್ಗವಾಗಿ ಸಿಗುತ್ತಾನೆ? ಎರಡು, ದುಡ್ಡೂ ಇಲ್ಲದ, ಬಳಗವೂ ಇಲ್ಲದ ಮನುಷ್ಯನ ಗತಿ ಏನು? ಮೂರು, ಒಪ್ಪಿಗೆಯಾಗದಿದ್ದರೆ ಮನೆಮಠ ಮಾರದೆ ಬಿಟ್ಟುಹೋಗುವ ದಾರಿ ಇದೆಯೇ? ನಾಲ್ಕು, ಬೇಲಿ ಹಾಕಲಾಗದ ಅಂತರ್ಜಲ, ಸಾಂಕ್ರಾಮಿಕ ರೋಗ, ಕಡಲ ಗಡಿಯಂಥವನ್ನು ಯಾರು ನೋಡಿಕೊಳ್ಳುತ್ತಾರೆ? ಐದು, ನೂರು ವರ್ಷ ಕಳೆದ ಮೇಲೂ ಆ ವ್ಯವಸ್ಥೆ ಮೊದಲಿನ ಹಾಗೆಯೇ ಉಳಿದಿರುತ್ತದೆಯೇ?

ಖರ್ಚನ್ನು ಬೇರೆಯಾಗಿ ಇಟ್ಟಿಲ್ಲ, ಏಕೆಂದರೆ ಅದು ಐದರಲ್ಲೂ ಅಡಗಿದೆ. ತೆರಿಗೆ ಇಲ್ಲ ಅಂದರೆ ಖರ್ಚಿಲ್ಲ ಅಂತಲ್ಲ. ರಸೀದಿ ಬೇರೆಯವರ ಹೆಸರಿನಲ್ಲಿ ಬರುತ್ತದೆ, ಅಷ್ಟೇ. ಸೆಕ್ಯೂರಿಟಿ, ಜನರೇಟರ್, ಟ್ಯಾಂಕರ್ ಎಂದು ನಮ್ಮ ಸಂಘದ ತಿಂಗಳ ಬಿಲ್ಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐಸ್‌ಲ್ಯಾಂಡ್: ಅರಸನಿಲ್ಲದ 332 ವರ್ಷ

ಸರ್ಕಾರವಿಲ್ಲದ ಸಮಾಜ ಎಂಬುದು ಬರೀ ಕಲ್ಪನೆ ಎನ್ನುವವರ ಬಾಯಿ ಮುಚ್ಚಿಸಲು ಎಲ್ಲರೂ ತೋರಿಸುವುದು ಐಸ್‌ಲ್ಯಾಂಡನ್ನು. ನ್ಯಾಯವಾಗಿಯೇ ತೋರಿಸುತ್ತಾರೆ. ಕ್ರಿ.ಶ. 930ರಲ್ಲಿ ಅಲ್ಲಿನ ವಲಸಿಗರು ಥಿಂಗ್ವೆಲ್ಲಿರ್ ಎಂಬ ಬಯಲಿನಲ್ಲಿ ಆಲ್‌ಥಿಂಗ್ ಎಂಬ ಮಹಾಸಭೆ ಸ್ಥಾಪಿಸಿದರು. ಅರಸನಿಲ್ಲ, ಸೈನ್ಯವಿಲ್ಲ, ಪೊಲೀಸರಿಲ್ಲ, ತೆರಿಗೆ ವಸೂಲಿಯವನಿಲ್ಲ. ಇಡೀ ದ್ವೀಪಕ್ಕೆ ಸಂಬಳದ ಹುದ್ದೆ ಒಂದೇ. ಅದು ಕಾನೂನು ಹೇಳುವವನದು. ಮೂರು ವರ್ಷಕ್ಕೊಮ್ಮೆ ಅವನನ್ನು ಆರಿಸುತ್ತಿದ್ದರು. ಬರಹದ ಕಾನೂನು ಇಲ್ಲದ ಆ ಕಾಲದಲ್ಲಿ ಅವನು ಪ್ರತಿ ಬೇಸಿಗೆಯಲ್ಲೂ ಬಂಡೆಯೊಂದರ ಮೇಲೆ ನಿಂತು ಇಡೀ ಕಾನೂನಿನ ಮೂರನೇ ಒಂದು ಪಾಲನ್ನು ಬಾಯಿಪಾಠ ಹೇಳಬೇಕಿತ್ತು. ಮೂರು ಬೇಸಿಗೆಗೆ ಒಂದು ಸುತ್ತು. ಕಾನೂನು ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ನಮ್ಮ ರಾಜ್ಯಪತ್ರವನ್ನು ಯಾರಾದರೂ ಹೀಗೆ ಬಂಡೆ ಹತ್ತಿ ಓದಬೇಕೆಂಬ ನಿಯಮವಿದ್ದರೆ ಅದು ಎಷ್ಟು ತೆಳ್ಳಗಾಗುತ್ತಿತ್ತೋ.

ಇನ್ನು ಪೈಪೋಟಿ. ನಾಡಿನಲ್ಲಿ ಮೂವತ್ತಾರು, ಆಮೇಲೆ ಮೂವತ್ತೊಂಬತ್ತು ಮುಖಂಡರು. ಅವರನ್ನು ಗೊಡಿ ಎನ್ನುತ್ತಿದ್ದರು. ಜಮೀನಿದ್ದ ಪ್ರತಿ ರೈತನೂ ಯಾರಾದರೊಬ್ಬ ಗೊಡಿಯ ಜೊತೆ ಸೇರಿರಬೇಕು, ಆದರೆ ಯಾರ ಜೊತೆ ಎಂಬುದು ಅವನ ಇಷ್ಟ. ಈ ಗೊಡಿ ನನ್ನ ವ್ಯಾಜ್ಯಕ್ಕೆ ನಿಲ್ಲಲಿಲ್ಲ ಅನಿಸಿದರೆ ಹೊಲಮನೆ ಬಿಡದೆ, ಸಭೆಯಲ್ಲಿ ಹೇಳಿ, ಇನ್ನೊಬ್ಬ ಗೊಡಿಯ ಕಡೆ ಹೋಗಬಹುದಿತ್ತು. ಗೊಡಿತನವೇ ಒಂದು ಆಸ್ತಿ. ಅದನ್ನು ಮಾರಬಹುದು, ಕೊಳ್ಳಬಹುದು, ಪಾಲು ಮಾಡಿಕೊಳ್ಳಬಹುದು. ಮೂರನೆಯ ಒರೆಗಲ್ಲಿನಲ್ಲಿ ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನನ್ನ ಬಡಾವಣೆಯಲ್ಲಿ ಕೂತು ಪೊಲೀಸ್ ಠಾಣೆಯನ್ನು ಬದಲಾಯಿಸಲು ನನಗೆ ಸಾಧ್ಯವಿಲ್ಲ.

ನ್ಯಾಯ ಹೇಗೆ ಸಿಗುತ್ತಿತ್ತು? ನ್ಯಾಯಾಲಯ ತೀರ್ಪು ಕೊಡುತ್ತಿತ್ತು, ಜಾರಿ ಮಾಡುವವರು ಯಾರೂ ಇರಲಿಲ್ಲ. ಗೆದ್ದವನೇ ವಸೂಲು ಮಾಡಿಕೊಳ್ಳಬೇಕು. ಕೊಲೆಗೂ ದಂಡವೇ, ಸತ್ತವನ ಮನೆಯವರಿಗೆ ಪರಿಹಾರ. ತೀರ್ಪಿಗೆ ತಲೆಬಾಗದವನಿಗೆ ಬಹಿಷ್ಕಾರ. ಪೂರ್ಣ ಬಹಿಷ್ಕೃತನನ್ನು ಯಾರು ಕೊಂದರೂ ಕೇಳುವಂತಿಲ್ಲ. ಹಾಗಾದರೆ ತೋಳ್ಬಲವಿಲ್ಲದ ಬಡ ರೈತ? ಅವನ ವ್ಯಾಜ್ಯದ ಹಕ್ಕನ್ನೇ ಬಲವಿದ್ದವನಿಗೆ ಮಾರಬಹುದಿತ್ತು. ಕೊಂಡವನು ಕೇಸು ನಡೆಸಿ, ಗೆದ್ದು, ವಸೂಲು ಮಾಡಿಕೊಳ್ಳುತ್ತಿದ್ದ. ಮೊದಲ ಬಾರಿ ಓದಿದಾಗ ನನಗೆ ಇದು ವಿಚಿತ್ರ ಅನಿಸಿತ್ತು. ಆಮೇಲೆ ನಮ್ಮ ಗಾದೆ ನೆನಪಾಯಿತು: ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಮೂವತ್ತು ವರ್ಷ ಎಳೆದಾಡಿ ಸಿಗುವ ನ್ಯಾಯಕ್ಕಿಂತ ಅರ್ಧ ಬೆಲೆಗೆ ಇಂದೇ ಮಾರಿಹೋಗುವ ನ್ಯಾಯ ಎಷ್ಟೋ ವಾಸಿ ಎನ್ನುವ ವಾರಸುದಾರರು ನಮ್ಮಲ್ಲಿ ಕಡಿಮೆ ಇಲ್ಲ.

ವಿಮೆಯೂ ಇತ್ತು. ಇಪ್ಪತ್ತು ಅಥವಾ ಹೆಚ್ಚು ರೈತರ ಹ್ರೆಪ್ಪ್ ಎಂಬ ಕೂಟ ಮನೆ ಸುಟ್ಟವನಿಗೆ, ರೋಗಕ್ಕೆ ದನ ಕಳೆದುಕೊಂಡವನಿಗೆ ನಷ್ಟದಲ್ಲಿ ಒಂದು ಪಾಲನ್ನು ತುಂಬಿಕೊಡುತ್ತಿತ್ತು, ದಿಕ್ಕಿಲ್ಲದವರಿಗೆ ಊಟ ಹಾಕುತ್ತಿತ್ತು. ಆದರೆ ಇದಕ್ಕೆ ಸೇರುವುದು ಬಿಡುವುದು ರೈತನ ಇಷ್ಟವಾಗಿರಲಿಲ್ಲ. ಕೂಟ ಊರಿಗೆ ಅಂಟಿಕೊಂಡಿತ್ತು. ಅಂದರೆ ಆ ಸ್ವತಂತ್ರರೂ ಒಂದು ಕಡೆ ಕಡ್ಡಾಯವನ್ನು ಒಪ್ಪಿಕೊಂಡಿದ್ದರು. ಆರಂಭದ ತಲೆಮಾರುಗಳಲ್ಲಿ ಗುಲಾಮರೂ ಇದ್ದರು. ಗೊಡಿಯನ್ನು ಆರಿಸುವ ಸುಖ ಅವರಿಗೆ ಇರಲಿಲ್ಲ.

ಐದನೆಯ ಒರೆಗಲ್ಲಿನಲ್ಲಿ ಏನಾಯಿತು ಎಂಬುದು ನನ್ನ ಮಟ್ಟಿಗೆ ಕಥೆಯ ಜೀವಾಳ. 1096-97ರ ಹೊತ್ತಿಗೆ ಚರ್ಚಿಗೆ ಆಸ್ತಿಯ ಮೇಲಿನ ಕಾಣಿಕೆ ಕಡ್ಡಾಯವಾಯಿತು. ಅದನ್ನು ನಾಲ್ಕು ಪಾಲು ಮಾಡುತ್ತಿದ್ದರು: ಬಿಷಪ್ಪನಿಗೆ, ಪಾದ್ರಿಗೆ, ಚರ್ಚಿನ ಕಟ್ಟಡಕ್ಕೆ, ಬಡವರಿಗೆ. ಚರ್ಚು ನಿಂತಿದ್ದು ಸಾಮಾನ್ಯವಾಗಿ ಗೊಡಿಯ ಅಥವಾ ದೊಡ್ಡ ಜಮೀನ್ದಾರನ ಜಾಗದಲ್ಲಿ. ಹಾಗಾಗಿ ಕಟ್ಟಡದ ಪಾಲು, ಪಾದ್ರಿಯ ಪಾಲು ಎರಡೂ ಹೆಚ್ಚುಕಡಿಮೆ ಜಾಗದ ಯಜಮಾನನ ಕೈಗೇ ಬಂದವು. ಇದುವರೆಗೆ ಗೊಡಿಯ ಆದಾಯ ಅವನನ್ನು ಒಪ್ಪಿ ಬಂದವರ ಮೇಲೆ ನಿಂತಿತ್ತು. ಈಗ ರೈತ ಗೊಡಿಯನ್ನು ಬಿಟ್ಟರೂ ಆ ಜಾಗದ ಕಾಣಿಕೆ ತಪ್ಪುವುದಿಲ್ಲ. ಬಿಟ್ಟುಹೋಗುವ ಹಕ್ಕು ಕಾಗದದಲ್ಲಿ ಉಳಿಯಿತು, ಅದರ ಹಲ್ಲು ಉದುರಿತು. ಮಾರಾಟಕ್ಕಿದ್ದ ಗೊಡಿತನಗಳನ್ನು ಹಣವಿದ್ದವರು ಕೊಳ್ಳುತ್ತ ಹೋದರು. ಹದಿಮೂರನೆಯ ಶತಮಾನದ ಹೊತ್ತಿಗೆ ಬೆರಳೆಣಿಕೆಯ ಮನೆತನಗಳು ನಾಡನ್ನು ಹಂಚಿಕೊಂಡು ಬಡಿದಾಡುತ್ತಿದ್ದವು. ಎರಡು ಸಲ ಕಾನೂನು ಹೇಳುವವನಾಗಿದ್ದ ಸ್ನೋರಿ ಸ್ಟುರ್ಲುಸನ್‌ನನ್ನೇ 1241ರಲ್ಲಿ ಅವನ ಮನೆಯಲ್ಲಿ ಕೊಂದರು. ಬೇಸತ್ತ ಐಸ್‌ಲ್ಯಾಂಡ್ 1262ರಿಂದ 1264ರ ನಡುವೆ ನಾರ್ವೆಯ ಅರಸನಿಗೆ ತೆರಿಗೆ ಕೊಡಲು ಒಪ್ಪಿತು.

ಇದನ್ನು ಎರಡು ರೀತಿಯಲ್ಲಿ ಓದುತ್ತಾರೆ. ಕಡ್ಡಾಯ ಕಾಣಿಕೆ ಬಂದದ್ದರಿಂದ ವ್ಯವಸ್ಥೆ ಕೆಟ್ಟಿತು, ಮಾರುಕಟ್ಟೆಯಿಂದಲ್ಲ ಎನ್ನುವವರು ಒಂದು ಕಡೆ. ತಡೆಯುವವರು ಯಾರೂ ಇಲ್ಲದಿದ್ದರಿಂದಲೇ ಕಾಣಿಕೆಯೂ ಬಂತು, ಗೊಡಿತನಗಳೂ ಒಂದೆಡೆ ಸೇರಿದವು, ನೋಜಿಕ್ ಹೇಳಿದ್ದೂ ಇದನ್ನೇ ಎನ್ನುವವರು ಇನ್ನೊಂದು ಕಡೆ: ಕಾವಲು ಕಂಪನಿಗಳು ಕಾದಾಡಿ ಕೊನೆಗೆ ಒಂದೇ ಉಳಿಯುತ್ತದೆ, ಅದಕ್ಕೆ ಸರ್ಕಾರ ಎಂದು ಹೆಸರಿಡದಿದ್ದರೂ ಅದು ಸರ್ಕಾರವೇ. ನನಗೆ ಎರಡನೆಯದು ಹೆಚ್ಚು ಸರಿ ಅನಿಸುತ್ತದೆ. ಆದರೂ 332 ವರ್ಷ ಎಂದರೆ ಸುಮ್ಮನೆ ಅಲ್ಲ. ವಿಜಯನಗರ ಸಾಮ್ರಾಜ್ಯದ ಆಯಸ್ಸಿಗಿಂತಲೂ ತುಸು ಹೆಚ್ಚು.

ಸೊಮಾಲಿಯಾ: ಯಾವುದಕ್ಕೆ ಹೋಲಿಸಿ ಕೆಟ್ಟದ್ದು?

ಸರ್ಕಾರ ಬೇಡ ಎನ್ನುವವರಿಗೆ ಎದುರಾಳಿಗಳು ಎಸೆಯುವ ಮೊದಲ ಕಲ್ಲು ಸೊಮಾಲಿಯಾ. 1991ರ ಜನವರಿಯಲ್ಲಿ ಸಿಯಾದ್ ಬರೆಯ ಸರ್ಕಾರ ಬಿದ್ದ ಮೇಲೆ ದೇಶಕ್ಕೆ ದಿಕ್ಕುದೆಸೆ ಇರಲಿಲ್ಲ, ನಿಜ. ಆದರೆ ಬಿದ್ದ ಸರ್ಕಾರ ಎಂಥದ್ದು? 1988ರಲ್ಲಿ ತನ್ನದೇ ಊರು ಹರ್ಗೇಸಾದ ಮೇಲೆ ತನ್ನದೇ ವಿಮಾನಗಳಿಂದ ಬಾಂಬ್ ಹಾಕಿಸಿದ ಸರ್ಕಾರ ಅದು. ಪೀಟರ್ ಲೀಸನ್ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ಸರ್ಕಾರವಿದ್ದ ಕೊನೆಯ ವರ್ಷಗಳನ್ನೂ ಇಲ್ಲದ ವರ್ಷಗಳನ್ನೂ 18 ಸೂಚಕಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿದ. ಶಿಶುಮರಣ, ಆಯಸ್ಸು, ದೂರವಾಣಿ ಹೀಗೆ ಬಹುಪಾಲು ಸೂಚಕಗಳು ಸುಧಾರಿಸಿದ್ದವು. ಶಾಲೆಗೆ ಹೋಗುವವರ ಮತ್ತು ಓದುಬರಹ ಬಲ್ಲವರ ಪ್ರಮಾಣ ಇಳಿದಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೆ ಬೇಲಿ ಇಲ್ಲದಿರುವುದೇ ಲೇಸು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನೋಟನ್ನು ಹತ್ತಿರದಿಂದ ನೋಡಿ. ರಿಸರ್ವ್ ಬ್ಯಾಂಕಿನಂಥದ್ದು ಮುಚ್ಚಿಹೋದ ಮೇಲೂ ಸೊಮಾಲಿ ಶಿಲ್ಲಿಂಗ್ ಚಲಾವಣೆಯಲ್ಲಿ ಉಳಿಯಿತು. ಹಿಂದೆ ಯಾವ ಸರ್ಕಾರವೂ ಇಲ್ಲದ ಕಾಗದವನ್ನು ಸಂತೆಯಲ್ಲಿ ಜನ ಎಣಿಸಿ ತೆಗೆದುಕೊಳ್ಳುತ್ತಿದ್ದರು. ಆಮೇಲೆ ವ್ಯಾಪಾರಿಗಳೂ ಬಣಗಳ ನಾಯಕರೂ ವಿದೇಶದಲ್ಲಿ ಅದೇ ನೋಟನ್ನು ಅಚ್ಚು ಹಾಕಿಸಿ ತಂದರು. ನೋಟಿನ ಬೆಲೆ ಕುಸಿಯುತ್ತ ಹೋಗಿ ಎಲ್ಲಿ ನಿಂತಿತು ಗೊತ್ತೇ? ಅದನ್ನು ಅಚ್ಚು ಹಾಕಿ ಸಾಗಿಸುವ ಖರ್ಚಿನ ಹತ್ತಿರ. ಅದಕ್ಕಿಂತ ಕೆಳಗಿಳಿದರೆ ಖೋಟಾನೋಟಿನವನಿಗೂ ಗಿಟ್ಟುವುದಿಲ್ಲ. ಮಾರುಕಟ್ಟೆಯ ಶಿಸ್ತು ಅಂದರೆ ಇದೂ ಒಂದು.

ವ್ಯಾಜ್ಯಕ್ಕೆ ಅಲ್ಲಿ ಹೇರ್ ಎಂಬ ಕುಲದ ಕಟ್ಟಳೆ ಇದೆ. ಕೊಲೆಯಾದರೆ ಕೊಂದವನ ಕುಲವೆಲ್ಲ ಸೇರಿ ಪರಿಹಾರ ಕಟ್ಟುತ್ತದೆ. ಗಂಡಸಿಗೆ 100 ಒಂಟೆ, ಹೆಂಗಸಿಗೆ 50. ದೊಡ್ಡ ಕುಲದವನಿಗೆ ಇದು ಒಳ್ಳೆಯ ವಿಮೆ. ಚಿಕ್ಕ ಕುಲದವನಿಗೆ, ಕುಲದ ಲೆಕ್ಕಕ್ಕೇ ಸೇರದ, ಬಂಟು ಎಂಬ ಅಲ್ಪಸಂಖ್ಯಾತ ಸಮುದಾಯದ ರೈತನಿಗೆ ಅವನ ಪರವಾಗಿ ಒಂಟೆ ಕೇಳುವವರೇ ಇಲ್ಲ. ನಾಲ್ಕನೆಯ ಒರೆಗಲ್ಲಂತೂ ಪೂರಾ ಸೋಲು. ಕಡಲು ಕಾಯುವವರಿಲ್ಲದೆ ವಿದೇಶಿ ದೋಣಿಗಳು ಮೀನು ದೋಚಿದವು, ದಡದವರು ಕಡಲ್ಗಳ್ಳರಾದರು, 2011ರ ಬರದಲ್ಲಿ ಲಕ್ಷಾಂತರ ಜನ ಸತ್ತರು.

ಸೀಮಿತ ಸರ್ಕಾರ ಸೀಮೆಯೊಳಗೆ ಇರುತ್ತದೆಯೇ?

ಸೀಮಿತ ಸರ್ಕಾರದ ದೊಡ್ಡ ರೋಗ ಐದನೆಯ ಒರೆಗಲ್ಲಿನಲ್ಲಿದೆ. ಅಮೆರಿಕದ ಸಂವಿಧಾನ ಬರೆದವರು ಸರ್ಕಾರಕ್ಕೆ ಎಷ್ಟು ಬಿಗಿಯಾದ ಮೂಗುದಾರ ಹಾಕಿದ್ದರೋ ಅಷ್ಟು ಬೇರೆ ಯಾರೂ ಹಾಕಿರಲಿಲ್ಲ. 1913ರಲ್ಲಿ ತಿದ್ದುಪಡಿ ತಂದು ಆದಾಯ ತೆರಿಗೆ ಶುರುಮಾಡಿದರು. ಕನಿಷ್ಠ ದರ ಶೇಕಡಾ 1, ಗರಿಷ್ಠ ಶೇಕಡಾ 7. ಐದೇ ವರ್ಷ. ಯುದ್ಧ ಬಂತು, 1918ರಲ್ಲಿ ಗರಿಷ್ಠ ದರ ಶೇಕಡಾ 77. ಯುದ್ಧಕ್ಕೆ ಮುಂಚೆ ರಾಷ್ಟ್ರದ ಉತ್ಪನ್ನದ ಶೇಕಡಾ 2-3ರಷ್ಟಿದ್ದ ಕೇಂದ್ರದ ಖರ್ಚು ಇಂದು ಶೇಕಡಾ 20 ದಾಟಿದೆ. ತನ್ನ ಅಧಿಕಾರದ ಗಡಿ ಎಲ್ಲಿ ಎಂಬ ವ್ಯಾಜ್ಯದಲ್ಲಿ ಸರ್ಕಾರವೇ ಕಕ್ಷಿದಾರ, ಸರ್ಕಾರವೇ ನೇಮಿಸಿದವರು ನ್ಯಾಯಾಧೀಶರು. ಮೊದಲನೆಯ ಒರೆಗಲ್ಲಿನಲ್ಲೂ ಹೀಗಾಗಿ ಒಂದು ಬಿರುಕು ಬೀಳುತ್ತದೆ. ರಾತ್‌ಬಾರ್ಡ್ ಒತ್ತಿದ್ದು ಈ ನೋವಿನ ಜಾಗವನ್ನೇ, ಮತ್ತು ಅದಕ್ಕೆ ತೃಪ್ತಿಯಾಗುವ ಉತ್ತರವನ್ನು ಸೀಮಿತ ಸರ್ಕಾರದವರು ಇನ್ನೂ ಕೊಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಂಗ್‌ಕಾಂಗ್ ತಾನೇ ಉತ್ತರ ಎನ್ನುತ್ತಾರೆ ಕೆಲವರು. 1961ರಿಂದ 1971ರವರೆಗೆ ಅಲ್ಲಿ ಹಣಕಾಸು ಕಾರ್ಯದರ್ಶಿಯಾಗಿದ್ದ ಜಾನ್ ಕೌಪರ್‌ತ್ವೈಟ್ ತೆರಿಗೆಯನ್ನು ಕಡಿಮೆಯಲ್ಲೇ ಇಟ್ಟ, ಉದ್ಯಮಗಳಿಗೆ ಸಹಾಯಧನ ಕೊಡಲಿಲ್ಲ. ಅಂಕಿಅಂಶ ಕಲೆಹಾಕಿದರೆ ಅಧಿಕಾರಿಗಳಿಗೆ ಕೈ ತುರಿಸುತ್ತದೆ ಎಂದು ಅದಕ್ಕೂ ಅಡ್ಡ ನಿಂತ. ಊರು ಬೆಳೆಯಿತು. ಆದರೆ ಅದೇ ಊರಿನಲ್ಲಿ ಒಂದು ಚರ್ಚಿನ ಜಾಗ ಬಿಟ್ಟರೆ ನೆಲವೆಲ್ಲ ಸರ್ಕಾರದ್ದು, ಜನರಿಗೆ ಗುತ್ತಿಗೆಗೆ. 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೇಯ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು 53,000 ಜನ ಬೀದಿಗೆ ಬಂದ ಮೇಲೆ ಸರ್ಕಾರವೇ ಮನೆ ಕಟ್ಟಲು ನಿಂತಿತು. ಇಂದು ಅರ್ಧಕ್ಕೆ ಹತ್ತಿರದಷ್ಟು ಜನ ಅಂಥ ಮನೆಗಳಲ್ಲಿದ್ದಾರೆ. ಕಡಿಮೆ ತೆರಿಗೆಯ ಹಿಂದೆ ನೆಲದ ಹಣವಿತ್ತು. ಬೆಂಗಳೂರಿನಲ್ಲಿ ಕೂತು ಹಾಂಗ್‌ಕಾಂಗ್ ಜಪ ಮಾಡುವವರು ಈ ಪುಟವನ್ನು ಹಾರಿಸಿ ಓದುತ್ತಾರೆ.

ಬೆಂಕಿಯ ಮಾತು ಬಂದದ್ದರಿಂದ ಎರಡು ಬೆಂಕಿಯ ಕಥೆ ಹೇಳಿಬಿಡುತ್ತೇನೆ. ಅರವತ್ತರ ದಶಕದ ಹಾಂಗ್‌ಕಾಂಗ್‌ನಲ್ಲಿ ಅಗ್ನಿಶಾಮಕದವರು ಬಂದು ಕೊಳವೆ ಹಿಡಿದು ನಿಂತು 'ನೀರಿನ ದುಡ್ಡು' ಕೇಳುತ್ತಿದ್ದರು. ಚೀನೀ ಭಾಷೆಯಲ್ಲಿ ನೀರೆಂದರೆ ಹಣವೂ ಹೌದು. ನೀರು ಕೊಟ್ಟರೆ ನೀರು ಬಿಡುತ್ತೇವೆ ಎಂಬ ಶ್ಲೇಷೆಯ ಮಾತೇ ಊರಿನ ಬಾಯಲ್ಲಿತ್ತು. ಪೊಲೀಸರ ಲಂಚ ಇನ್ನೂ ದೊಡ್ಡದು. ಜನ ಬೀದಿಗಿಳಿದ ಮೇಲೆ 1974ರಲ್ಲಿ ಭ್ರಷ್ಟಾಚಾರ ವಿರೋಧಿ ಸ್ವತಂತ್ರ ಆಯೋಗ ಬಂದು ಅದನ್ನು ಹತೋಟಿಗೆ ತಂದಿತು. ಇನ್ನೊಂದು ಬೆಂಕಿ 2010ರಲ್ಲಿ ಅಮೆರಿಕದ ಟೆನೆಸ್ಸಿಯದು. ಅಲ್ಲಿನ ಓಬಯಾನ್ ಕೌಂಟಿಯ ಹಳ್ಳಿಗರಿಗೆ ಪಕ್ಕದ ಪಟ್ಟಣದ ಅಗ್ನಿಶಾಮಕ ಸೇವೆ ವರ್ಷಕ್ಕೆ 75 ಡಾಲರ್ ಚಂದಾಕ್ಕೆ ಸಿಗುತ್ತಿತ್ತು. ಚಂದಾ ಕಟ್ಟದ ಒಂದು ಮನೆಗೆ ಬೆಂಕಿ ಬಿತ್ತು. ಗಾಡಿ ಬಂತು, ಆದರೆ ಚಂದಾ ಕಟ್ಟಿದ್ದ ಪಕ್ಕದವನ ಆಸ್ತಿಗೆ ಬೆಂಕಿ ತಾಗದಂತೆ ನೋಡಿಕೊಳ್ಳಲು. ಎಷ್ಟು ಬೇಕಾದರೂ ಈಗಲೇ ಕೊಡುತ್ತೇವೆ ಎಂದು ಮನೆಯವರು ಬೇಡಿಕೊಂಡರೂ ಸಿಬ್ಬಂದಿ ಕದಲಲಿಲ್ಲ. ಮನೆ ಕಣ್ಣೆದುರೇ ಬೂದಿಯಾಯಿತು.

ಎರಡೂ ಸರ್ಕಾರಿ ಸೇವೆಗಳೇ ಎಂಬುದು ತಮಾಷೆ. ಒಂದರಲ್ಲಿ ಏಕಸ್ವಾಮ್ಯದ ದರ್ಪ, ಇನ್ನೊಂದರಲ್ಲಿ ಚಂದಾ ವ್ಯವಸ್ಥೆಯ ತಣ್ಣನೆಯ ನಿಯಮ. ನನ್ನನ್ನು ಕೇಳಿದರೆ ಟೆನೆಸ್ಸಿಯ ನಿಯಮ ಪ್ರಾಮಾಣಿಕ. ಅದನ್ನು ಸಡಿಲಿಸಿದರೆ ಮನೆಗೆ ಬೆಂಕಿ ಬಿದ್ದ ಮೇಲಷ್ಟೇ ಎಲ್ಲರೂ ಚಂದಾ ಕಟ್ಟುತ್ತಾರೆ. ಹಾಂಗ್‌ಕಾಂಗ್‌ನ ರೋಗಕ್ಕಾದರೂ ಮದ್ದು ಸಿಕ್ಕಿತು, ಏಕೆಂದರೆ ಜನ ಕೂಗಲು ಒಂದು ವಿಳಾಸ ಇತ್ತು. ಈ ಎರಡರಲ್ಲಿ ಯಾವುದನ್ನು ಸಹಿಸಬಲ್ಲಿರಿ ಎಂದು ಕೇಳಿಕೊಂಡರೆ ನೀವು ಯಾವ ಕಡೆಯವರು ಎಂಬುದು ಅರ್ಧ ತಿಳಿದ ಹಾಗೆ.

ಬಹಿಷ್ಕಾರ ಎಂಬ ಪೊಲೀಸ್

ಸರ್ಕಾರವಿಲ್ಲದ ಸಮಾಜದಲ್ಲಿ ಮಾತು ತಪ್ಪಿದವನನ್ನು ದಾರಿಗೆ ತರುವುದು ಹೇಗೆ ಎಂದರೆ ಪುಸ್ತಕಗಳು ಹೇಳುವ ಉತ್ತರ ಒಂದೇ: ಅವನ ಜೊತೆ ಯಾರೂ ವ್ಯವಹಾರ ಮಾಡುವುದಿಲ್ಲ. ವಜ್ರದ ವ್ಯಾಪಾರಿಗಳಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಕೋಟಿಗಟ್ಟಲೆ ಸರಕು ಬಾಯಿಮಾತಿನ ಮೇಲೆ ಕೈ ಬದಲಾಗುತ್ತದೆ, ಮಾತು ತಪ್ಪಿದವನು ಮಾರುಕಟ್ಟೆಯಿಂದ ಹೊರಗೆ. ಅಮೆರಿಕದ ಓದುಗನಿಗೆ ಇದು ಹೊಸ, ಮೃದುವಾದ ಉಪಾಯದಂತೆ ಕಾಣಬಹುದು. ನಮಗೆ ಅದರ ಹಳೆಯ ಹೆಸರು ಗೊತ್ತು. ಊರಿನವರು ಮಾತಾಡುವಂತಿಲ್ಲ, ಅಂಗಡಿಯವನು ಉಪ್ಪು ಕೊಡುವಂತಿಲ್ಲ, ಕ್ಷೌರಿಕ ಕೈ ಇಡುವಂತಿಲ್ಲ, ಹೆಣಕ್ಕೆ ಹೆಗಲು ಕೊಡುವಂತಿಲ್ಲ. ಪೊಲೀಸರಿಲ್ಲದೆ, ತೆರಿಗೆಯಿಲ್ಲದೆ, ಪ್ರತಿಯೊಬ್ಬನೂ ತನ್ನ ಆಸ್ತಿಯ ಮೇಲಿನ ಹಕ್ಕನ್ನಷ್ಟೇ ಚಲಾಯಿಸಿ ಒಂದು ಮನೆಯನ್ನು ಉಸಿರುಗಟ್ಟಿಸಬಹುದು. ಜಾತಿ ಬಿಟ್ಟು ಮದುವೆಯಾದವರಿಗೆ, ಕೆರೆಯ ನೀರು ಮುಟ್ಟಿದವರಿಗೆ ಇದೇ ಆಗಿದ್ದು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧವೇ ಕಾಯ್ದೆ ಮಾಡಬೇಕಾಯಿತು. ಸರ್ಕಾರ ಇಲ್ಲದಿದ್ದರೂ ಆಳುವವರು ಇದ್ದೇ ಇರುತ್ತಾರೆ ಎಂಬುದನ್ನು ಹಳ್ಳಿಯ ಕೇರಿಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ತಕ್ಕಡಿ ವಾಲಿದ್ದು ಇಲ್ಲಿ.

ನಿಮಗೆ ಯಾವುದು?

ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕೈಯಲ್ಲಿ ಹಣ, ಬೆನ್ನಿಗೆ ಬಳಗ, ಎಲ್ಲಿ ಬೇಕಾದರೂ ಕೂತು ಮಾಡಬಹುದಾದ ಕೆಲಸ, ಈ ಮೂರೂ ಇದ್ದವರಿಗೆ ಸರ್ಕಾರವಿಲ್ಲದ ಸಮಾಜದಲ್ಲಿ ನಷ್ಟ ಕಡಿಮೆ. ಅಂಥವರು ಈಗಲೇ ಅರ್ಧ ಅದರಲ್ಲಿದ್ದಾರೆ, ನೀರು, ಕಾವಲು, ಶಾಲೆ, ಆಸ್ಪತ್ರೆ ಎಲ್ಲ ಖಾಸಗಿ. ವ್ಯಾಪಾರಿಗೆ ಬೇಕಾದ್ದು ಬೇಗ ಮುಗಿಯುವ ವ್ಯಾಜ್ಯ. ಅವನು ಸರ್ಕಾರವನ್ನೇ ಕಿತ್ತೊಗೆಯಬೇಕಿಲ್ಲ, ಒಪ್ಪಂದದಲ್ಲೇ ಮಧ್ಯಸ್ಥಿಕೆಯ ಷರತ್ತು ಬರೆಸಿಕೊಂಡರೆ ಬಹುಪಾಲು ಕೆಲಸ ಆಯಿತು. ಆದರೆ ಮಧ್ಯಸ್ಥರ ತೀರ್ಪನ್ನು ಸೋತವನು ಧಿಕ್ಕರಿಸಿದಾಗ ಜಾರಿಗೆ ತರುವುದು ಕೊನೆಗೆ ಸರ್ಕಾರಿ ನ್ಯಾಯಾಲಯವೇ. ದಿನಗೂಲಿಯವನಿಗೆ, ಜಾತಿ ಮೀರಿ ಬಾಳಬಯಸುವ ಹುಡುಗಿಗೆ, ಊರಿನಲ್ಲಿ ಒಂಟಿ ಮನೆಯವನಿಗೆ ನಾನು ಸರ್ಕಾರವಿಲ್ಲದ ಸಮಾಜವನ್ನು ಶಿಫಾರಸು ಮಾಡಲಾರೆ. ಅವರಿಗೆ ಬೇಕಾದ್ದು ಚಿಕ್ಕದಾದರೂ ಊರಿನ ಗೌಡನಿಗಿಂತ ಉದ್ದದ ಕೈ. ಸರ್ಕಾರವೇ ಬಾಂಬ್ ಹಾಕುವ ನಾಡಿನಲ್ಲಿ ಹುಟ್ಟಿದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ಮುಂದಿರುವ ಆಯ್ಕೆಯೇ ಬೇರೆ.

ಒಂದೊಂದು ಸೇವೆಯನ್ನೂ ಬೇರೆಯಾಗಿ ತೂಗುವುದು ಇನ್ನೊಂದು ಕ್ರಮ, ನನಗೆ ಹೆಚ್ಚು ರುಚಿಸುವಂಥದ್ದು. ಬಿಟ್ಟುಹೋಗುವುದು ಅಗ್ಗವಾಗಿರುವ ದೂರವಾಣಿ, ಬಸ್, ಶಾಲೆಯಂಥ ಕಡೆ ಸರ್ಕಾರ ದೂರವಿರಲಿ. ಬಿಟ್ಟುಹೋಗುವುದೇ ಅಸಾಧ್ಯವಾದ ಕಡೆ, ಅಂದರೆ ಹಿಂಸೆ, ಕಾಲಡಿಯ ನೀರು, ಹಬ್ಬುವ ರೋಗ, ಇಲ್ಲಿ ಎಲ್ಲರಿಗೂ ಸೇರಿದ ಒಬ್ಬ ನ್ಯಾಯಾಧೀಶ ಬೇಕು. ಐಸ್‌ಲ್ಯಾಂಡಿನಲ್ಲಿ ಆದಾಯ ನೆಲಕ್ಕೆ ಅಂಟಿಕೊಂಡ ದಿನದಿಂದ ಗೊಡಿಗಳು ಕೆಟ್ಟರು ಎಂಬುದನ್ನು ಸರ್ಕಾರಕ್ಕೂ ಅನ್ವಯಿಸಿ ನೋಡಿ: ಯಾವ ಇಲಾಖೆಯ ಆದಾಯ ನಿಮ್ಮ ಒಪ್ಪಿಗೆಗೆ ಕಾಯುವುದಿಲ್ಲವೋ ಅದರ ಮೇಲೆ ಕಣ್ಣಿಡಿ.

ಎರಡನ್ನೂ ಬೆಸೆದವರೂ ಇದ್ದಾರೆ. ಸೊಮಾಲಿಯಾದಿಂದ 1991ರಲ್ಲಿ ಬೇರೆಯಾದೆವೆಂದು ಸಾರಿದ ಸೊಮಾಲಿಲ್ಯಾಂಡ್‌ನಲ್ಲಿ ಕುಲದ ಹಿರಿಯರು 1993ರಲ್ಲಿ ಬೊರಾಮಾ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಕೂತು ಮಾತಾಡಿದರು. ಊಟ, ವಸತಿಯ ಖರ್ಚನ್ನು ಹೆಚ್ಚಾಗಿ ಸ್ಥಳೀಯರೇ ಹೊತ್ತರು. ಕೊನೆಗೆ ಹುಟ್ಟಿದ ಸರ್ಕಾರದಲ್ಲಿ ಆ ಹಿರಿಯರ ಕೂಟವೇ ಸಂಸತ್ತಿನ ಮೇಲ್ಮನೆಯಾಯಿತು, ಹೆಸರು ಗುರ್ತಿ, ಸದಸ್ಯರು 82. ಬಡ ಸರ್ಕಾರ, ದೋಷಗಳು ಬೇಕಾದಷ್ಟಿವೆ. ದಕ್ಷಿಣದ ಮೊಗಾದಿಶುವಿಗಿಂತ ಅಲ್ಲಿ ನೆಮ್ಮದಿ ಹೆಚ್ಚು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ನಮ್ಮ ಸಂಘದ ಕಥೆ ಇನ್ನೂ ಮುಗಿದಿಲ್ಲ. ಬತ್ತಿದ ಬಾವಿಯ ಬದಲಿಗೆ ನಾವು 1,100 ಅಡಿಗೆ ಹೊಸದು ಕೊರೆಸಿದೆವು. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿ ಪತ್ರವೂ ಕೈಯಲ್ಲಿತ್ತು. ಆರು ವಾರದಲ್ಲಿ ಪಕ್ಕದ ಬಡಾವಣೆಯವರ 650 ಅಡಿಯ ಬಾವಿ ಗಾಳಿ ಉಗುಳತೊಡಗಿತು. ಅವರು ಈಗ 1,300 ಅಡಿಗೆ ಯಂತ್ರ ತರಿಸುವ ಮಾತಾಡುತ್ತಿದ್ದಾರೆ. ಮುಂದಿನ ಭಾನುವಾರ ಹತ್ತು ಗಂಟೆಗೆ ನಮ್ಮ ನೆಲಮಾಳಿಗೆಯಲ್ಲಿ ಎರಡೂ ಕಡೆಯವರ ಸಭೆ ಇದೆ. ಕಾಫಿಗೆ ಎಂಜಿನಿಯರ್ ಹುಡುಗನೇ ಹೇಳಿದ್ದಾನೆ. ನಡುವೆ ಯಾರನ್ನು ಕೂರಿಸುವುದು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.